ದೂರ ಹೇಳಿ, ವೇಗ ಆಮೇಲೆ

"ಪೈಲಟ್ ಸುಳ್ಳು ಹೇಳ್ತಾನಾ ಸಾರ್?" ಭಾರೀ ವೇಗದಲ್ಲಿ ಹೋಗುವ, ಪೈಲಟ್‌ಗಳೇ ಕಂಡ ಹಾರುವ ತಟ್ಟೆಯ ವಿಡಿಯೊ ವಾಟ್ಸಾಪ್ ಮಾಡಿದವರೆಲ್ಲ ಕಡೆಗೆ ನನ್ನ ಬಾಯಿ ಕಟ್ಟುವುದು ಈ ಮಾತಿನಿಂದಲೇ. ವಾಯುಪಡೆಯ ನ್ಯಾವಿಗೇಟರ್ ಕೆಲಸ ಮುಗಿಸಿ ಕುವೆಂಪುನಗರಕ್ಕೆ ಬಂದು ಕೂತವನಿಗೆ ಇದೊಂದು ಹೊಸ ಉದ್ಯೋಗ.

ಇಲ್ಲ ಮಾರಾಯರೇ, ಸುಳ್ಳು ಹೇಳುವುದಿಲ್ಲ. ಆದರೆ ವೇಗ ಕಣ್ಣಿಗೆ ಕಾಣುವಂಥದ್ದಲ್ಲ. ಕಣ್ಣಿಗೆ ಸಿಗುವುದು ದಿಕ್ಕು, ಕೋನ, ಅಷ್ಟೇ. ದೂರ ಗೊತ್ತಿಲ್ಲದೆ ಗಾತ್ರವೂ ಇಲ್ಲ, ವೇಗವೂ ಇಲ್ಲ. ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಬನ್ನಿ: ಪಕ್ಕದ ಕಬ್ಬಿನ ಗದ್ದೆ ಸರ್ರನೆ ಹಿಂದಕ್ಕೋಡುತ್ತದೆ, ಕರಿಘಟ್ಟ ಮಾತ್ರ ಬಹಳ ಹೊತ್ತು ಜೊತೆಗೇ ಬರುತ್ತದೆ. ಕಬ್ಬು ಓಡಿತು ಅಂತ ಇದುವರೆಗೆ ಯಾರೂ ನನಗೆ ಫೋನ್ ಮಾಡಿಲ್ಲ!

2015ರಲ್ಲಿ ಅಮೆರಿಕ ನೌಕಾಪಡೆಯ ಎಫ್/ಎ-18 ಯುದ್ಧವಿಮಾನದ ಸಿಬ್ಬಂದಿ ತೆಗೆದ 'ಗೋ ಫಾಸ್ಟ್' ವಿಡಿಯೊ ಇದೆಯಲ್ಲ, 2020ರಲ್ಲಿ ಪೆಂಟಗನ್ ಅಧಿಕೃತವಾಗಿ ಬಿಟ್ಟದ್ದು. ಬಿಳಿ ಚುಕ್ಕೆಯೊಂದು ಸಮುದ್ರಕ್ಕೆ ಅಂಟಿಕೊಂಡು ಗುಂಡಿನ ಹಾಗೆ ಹೋಗುತ್ತದೆ, ಒಳಗಿದ್ದವರು ಕೇಕೆ ಹಾಕುತ್ತಾರೆ. ಪರದೆಯಂಚಿನ ಅಂಕಿಗಳನ್ನು ಮಾತ್ರ ನೋಡುವವರಿಲ್ಲ. ವಿಮಾನ 25,000 ಅಡಿ ಮೇಲೆ, ವಸ್ತು 4.4 ನಾಟಿಕಲ್ ಮೈಲಿ (ಸುಮಾರು 8 ಕಿ.ಮೀ.) ದೂರ, ಕ್ಯಾಮೆರಾ 26 ಡಿಗ್ರಿ ಕೆಳಕ್ಕೆ. ಎಸ್ಸೆಸ್ಸೆಲ್ಸಿ ಹುಡುಗಿ ಹಾಕುವ ಸೈನ್ ಲೆಕ್ಕ: ಚುಕ್ಕೆ ಇರುವುದು ಸುಮಾರು 13,000 ಅಡಿ ಎತ್ತರದಲ್ಲಿ, ನೀರಿನ ಹತ್ತಿರ ಅಲ್ಲವೇ ಅಲ್ಲ. ಓಡುತ್ತಿದ್ದದ್ದು ಬಹುಪಾಲು ವಿಮಾನವೇ. 2023ರಲ್ಲಿ ನಾಸಾ ಸಮಿತಿ ಆ ಚುಕ್ಕೆಯ ವೇಗವನ್ನು ಗಂಟೆಗೆ ಸುಮಾರು 65 ಕಿ.ಮೀ. ಎಂದು ಅಂದಾಜು ಮಾಡಿತು. ನಮ್ಮ ಎಕ್ಸ್‌ಪ್ರೆಸ್‌ವೇ ಕಾರುಗಳೇ ಅದಕ್ಕಿಂತ ಜೋರು.

ಇಷ್ಟು ಹೇಳಿ ಎಲ್ಲವನ್ನೂ ತಳ್ಳಿಹಾಕಿದೆ ಅಂದುಕೊಳ್ಳಬೇಡಿ. 2004ರ ನವೆಂಬರ್ 14ರಂದು ಸ್ಯಾನ್ ಡಿಯಾಗೊ ಕಡಲಾಚೆ, ಅಮೆರಿಕದ ವಿಮಾನವಾಹಕ ನೌಕೆ ನಿಮಿಟ್ಜ್‌ನ ಎರಡು ವಿಮಾನಗಳ ನಾಲ್ವರು ಹಗಲಿನಲ್ಲೇ ಬಿಳಿ ಮಾತ್ರೆಯಂಥದ್ದನ್ನು ಕಂಡರು. ಅದೇನೆಂದು ನಾನು ಹೇಳಲಾರೆ. ಹಾಗಂತ ಅನ್ಯಗ್ರಹದ್ದು ಅಂತಲೂ ಬರೆದುಕೊಡಲಾರೆ.

ನಾನೇನು ಕಡಿಮೆಯೇ? ಒಂದು ರಾತ್ರಿ ಸಾಗಣೆ ವಿಮಾನದಲ್ಲಿ, "ಬಲಗಡೆ ಇನ್ನೊಂದು ವಿಮಾನ, ಹತ್ತಿರ ಬರ್ತಿದೆ" ಅಂತ ಕೂಗಿ ಕ್ಯಾಪ್ಟನ್ ಕೈಲಿ ದೀಪ ಮಿನುಗಿಸಿದ್ದೆ. ಆ ಕಡೆಯಿಂದ ಉತ್ತರವಿಲ್ಲ. ಅರ್ಧ ಗಂಟೆಗೆ ಅದು ದಿಗಂತದಲ್ಲಿ ತಣ್ಣಗೆ ಮುಳುಗಿತು. ಶುಕ್ರ! ನಕ್ಷತ್ರ ನೋಡಿ ದಾರಿ ಹೇಳುವುದಕ್ಕೇ ಸಂಬಳ ತೆಗೆದುಕೊಳ್ಳುತ್ತಿದ್ದವನು ನಾನು. ಆ ಕ್ಯಾಪ್ಟನ್ ಈಗಲೂ ಹಬ್ಬಕ್ಕೆ ಫೋನ್ ಮಾಡಿದರೆ ಮೊದಲು ಕೇಳುವುದು ಶುಕ್ರನ ಯೋಗಕ್ಷೇಮ.

ಹಾಗಾಗಿ ಮೊನ್ನೆ ಮದ್ದೂರಿನ ಹುಡುಗನೊಬ್ಬ ಹೊತ್ತು ಮುಳುಗಿದ ಮೇಲೆ ಫೋನ್ ಮಾಡಿ, "ಸಾ, ಆಕಾಸ್ದಲ್ಲಿ ಒಂದ್ ಬೆಳ್ಕು, ನಾ ಎಷ್ಟ್ ಎಳುದ್ರೂ ಅದು ಮುಂದ್ಮುಂದುಕ್ಕೇ ಓಯ್ತದೆ, ಗಾಡಿ ನಿಲ್ಸುದ್ರೆ ಅದೂ ನಿಂತ್ಕತದೆ" ಅಂದಾಗ ನಗಲಿಲ್ಲ.

"ಯಾವ ಕಡೆಗಪ್ಪ?"

"ಮೈಸೂರ್ ಕಡೀಕೆ ಸಾ, ಪಡುವ್ಲಿಗೆ."

"ಸರಿ, ಅಲ್ಲೇ ಗಾಡಿಗೆ ಸ್ಟ್ಯಾಂಡ್ ಹಾಕಿ ಒಂದು ಗಂಟೆ ಕೂತ್ಕೊ" ಅಂದೆ.