ಗಾಳಿಮಳೆಗೆ ಸಿಕ್ಕ ನಿಂತ ವಿಮಾನ: ಹಗ್ಗ ಹರಿಯದಿದ್ದರೂ ಏನೇನು ನೋಡಬೇಕು

ಹೊಸೂರು ಕಡೆ ಏಪ್ರಿಲ್, ಮೇ ಬಂತೆಂದರೆ ಸಂಜೆ ಹೊತ್ತು ಆಕಾಶ ನಂಬುವ ಹಾಗಿಲ್ಲ. ಮೊದಲು ಧೂಳು, ಹಿಂದೆಯೇ ಗಾಳಿ, ಕೆಲವು ಸಲ ಆಲಿಕಲ್ಲು. ಮಾವಿನ ತೋಟದವರು, ಗುಲಾಬಿ ಪಾಲಿಹೌಸ್‌ನವರು ಮಾತ್ರ ಅಲ್ಲ, ಹೊರಗೆ ವಿಮಾನ ಕಟ್ಟಿ ನಿಲ್ಲಿಸಿದವರೂ ಇದಕ್ಕೆ ಹೆದರುತ್ತಾರೆ. ವಿಮಾನ ನಿರ್ವಹಣೆ ಓದುತ್ತಿರುವ ನಮ್ಮ ಬಾಗಲೂರು, ತಳಿ, ಡೆಂಕಣಿಕೋಟೆ ಕಡೆಯ ಗೆಳೆಯರಿಗಾಗಿ ಈ ಟಿಪ್ಪಣಿ. ನಮ್ಮ ಪಠ್ಯದ ಮಾಡ್ಯೂಲ್ 7ರಲ್ಲಿ ‘ಅಬ್ನಾರ್ಮಲ್ ಇವೆಂಟ್ಸ್’ (ಅಸಹಜ ಘಟನೆಗಳು) ಎಂಬ ಭಾಗ ಇದೆಯಲ್ಲ, ಅಲ್ಲಿ ಸಿಡಿಲು, ಹೆವಿ ಲ್ಯಾಂಡಿಂಗ್, ಟರ್ಬ್ಯುಲೆನ್ಸ್ ಹೆಸರು ಹೇಳಿದ್ದಾರೆ. ನಿಂತಿದ್ದ ವಿಮಾನಕ್ಕೆ ಗಾಳಿ ಹೊಡೆದರೆ ಏನು ಮಾಡಬೇಕು ಅನ್ನುವುದನ್ನು ನಾವೇ ಯೋಚಿಸಿ ಕಟ್ಟಿಕೊಳ್ಳಬೇಕು. ಉದಾಹರಣೆಗೆ ಸೆಸ್ನಾ 172ಎಸ್ ಎಂಬ ಒಂದೇ ಎಂಜಿನ್‌ನ ಸಣ್ಣ ವಿಮಾನ ಇಟ್ಟುಕೊಂಡಿದ್ದೇನೆ.

ಮುಟ್ಟುವ ಮೊದಲು

ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ವಿಮೆಯ ಸರ್ವೇಯರ್ ಕೇಳುತ್ತಾರೆ. ಹಗ್ಗ, ಚಾಕ್ (ಚಕ್ರಕ್ಕೆ ಕೊಡುವ ಅಡ್ಡಗಟ್ಟೆ), ನೆಲದ ಗುರುತು ಎಲ್ಲವೂ ಫೋಟೋದಲ್ಲಿ ಬರಲಿ. ಪೆಟ್ರೋಲ್ ವಾಸನೆ ಇದೆಯಾ ನೋಡಿ, ಬ್ಯಾಟರಿ ಕಳಚಿ. ಪ್ರೊಪೆಲ್ಲರ್ ಕೈಯಿಂದ ತಿರುಗಿಸಬೇಡಿ. ಎಂಜಿನ್‌ಗೆ ಕಿಡಿ ಕೊಡುವ ಮ್ಯಾಗ್ನೆಟೋದ ಪಿ-ಲೀಡ್, ಅಂದರೆ ಅದನ್ನು ಆಫ್ ಮಾಡುವ ತಂತಿ, ತುಂಡಾಗಿದ್ದರೆ ಕೀ ಆಫ್ ಇದ್ದರೂ ಎಂಜಿನ್ ಹತ್ತಿಕೊಳ್ಳಬಹುದು.

ಗೊಂದಲ ಆಗುವ ಜಾಗ: ಹಗ್ಗ ಗಟ್ಟಿಯಾಗಿತ್ತು, ಹಾಗಾದರೆ ವಿಮಾನ ಕ್ಷೇಮವೇ?

ನನ್ನ ತಲೆ ತಿಂದದ್ದು ಇದೇ ಪ್ರಶ್ನೆ. ಅದಕ್ಕೇ ಇದನ್ನು ನಿಧಾನವಾಗಿ ಬಿಡಿಸುತ್ತೇನೆ.

ಮೊದಲು ಗಾಳಿ ಎಷ್ಟು ಎತ್ತುತ್ತದೆ ಅಂತ ಲೆಕ್ಕ ಹಾಕೋಣ. ಲಿಫ್ಟ್ (ಮೇಲೆತ್ತುವ ಬಲ) ಅಂದರೆ ಅರ್ಧ ರೋ ವಿ ಸ್ಕ್ವೇರ್, ಗುಣಿಸು ರೆಕ್ಕೆಯ ವಿಸ್ತೀರ್ಣ, ಗುಣಿಸು ಸಿ.ಎಲ್. ಇಲ್ಲಿ ರೋ ಗಾಳಿಯ ಸಾಂದ್ರತೆ, ವಿ ಗಾಳಿಯ ವೇಗ, ಸಿ.ಎಲ್. ಅಂದರೆ ರೆಕ್ಕೆ ಎಷ್ಟು ಚೆನ್ನಾಗಿ ಎತ್ತುತ್ತದೆ ಅನ್ನುವ ಅಂಕಿ. ಹೊಸೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿಯ ಸಾಂದ್ರತೆ ಘನ ಮೀಟರಿಗೆ 1.1 ಕೆ.ಜಿ. ಅಂತ ಇಟ್ಟುಕೊಳ್ಳಿ. ರೆಕ್ಕೆ 16.2 ಚದರ ಮೀಟರ್. ಗಾಳಿ ಬಾಲವನ್ನು ಅದುಮಿ ಮೂಗು ಎತ್ತಿತು, ಸಿ.ಎಲ್. 1.2 ಆಯಿತು ಅಂತ ಊಹಿಸಿ. 35 ನಾಟ್, ಅಂದರೆ ಸೆಕೆಂಡಿಗೆ 18 ಮೀಟರ್ ಗಾಳಿಗೆ ಬರುವ ಲಿಫ್ಟ್ ಸುಮಾರು 350 ಕೆ.ಜಿ. ತೂಕದಷ್ಟು. 70 ನಾಟ್‌ಗೆ ಸುಮಾರು 1,400 ಕೆ.ಜಿ. ಗಾಳಿ ಎರಡು ಪಟ್ಟು, ಎಳೆತ ನಾಲ್ಕು ಪಟ್ಟು. ಖಾಲಿ ವಿಮಾನದ ತೂಕವೋ ಬರೀ 770 ಕೆ.ಜಿ. ಆಸುಪಾಸು.

ಈಗ ಇನ್ನೊಂದು ಅಂಕಿ ನೋಡಿ. ಇದೇ ವಿಮಾನ ನಾರ್ಮಲ್ ಕೆಟಗರಿಯಲ್ಲಿ (ಸಾಮಾನ್ಯ ಹಾರಾಟದ ವರ್ಗದಲ್ಲಿ) 1,157 ಕೆ.ಜಿ. ತೂಕಕ್ಕೆ 3.8 ಜಿ ಲಿಮಿಟ್ ಲೋಡ್, ಅಂದರೆ ಆ ತೂಕದ 3.8 ಪಟ್ಟು ಭಾರ, ತಡೆಯಬೇಕು. ಅದು ಸುಮಾರು 4,400 ಕೆ.ಜಿ. ಹಾಗಾದರೆ 1,400 ಕೆ.ಜಿ. ಲಿಫ್ಟ್ ರೆಕ್ಕೆಗೆ ಏನೇನೂ ಅಲ್ಲ! ಇಲ್ಲಿಗೆ ಬಂದು ‘ಭಯ ಇಲ್ಲ’ ಅಂತ ಪುಸ್ತಕ ಮುಚ್ಚುವ ಹಾಗಿಲ್ಲ. ಹಾರುವಾಗ ಆ ಭಾರ ರೆಕ್ಕೆ ತುಂಬ ಹರಡಿಕೊಂಡು, ಸ್ಟ್ರಟ್ (ರೆಕ್ಕೆಯ ಕೆಳಗಿನ ಓರೆ ಆಸರೆ ಕಂಬಿ) ಮೂಲಕ ವಿಮಾನದ ಒಡಲಿಗೆ ನಿಧಾನವಾಗಿ ಬರುತ್ತದೆ. ಕಟ್ಟಿದಾಗ ಹಾಗಲ್ಲ. ರೆಕ್ಕೆಯ ಎರಡು ರಿಂಗ್, ಬಾಲದ ಒಂದು ರಿಂಗ್, ಈ ಮೂರೇ ಜಾಗಕ್ಕೆ ಎಲ್ಲಾ ಎಳೆತ. ಅದೂ ಹಗ್ಗ ಸಡಿಲ ಇದ್ದರೆ ವಿಮಾನ ಎದ್ದು, ಜಗ್ಗಿ, ಮತ್ತೆ ಕೂರುತ್ತದೆ. ಆ ಜಗ್ಗಿನ ಪೆಟ್ಟಿಗೆ ನಮ್ಮ ಲೆಕ್ಕದಲ್ಲಿ ಜಾಗವೇ ಇಲ್ಲ.

ನಮ್ಮ ಪಾಲಿಹೌಸ್‌ಗಳಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಶೀಟ್ ಹರಿದು ಹಾರಿದರೆ ಪೈಪು ನೆಟ್ಟಗೆ ಉಳಿಯುತ್ತದೆ. ಶೀಟ್ ಹರಿಯದೆ ನಿಂತರೆ ಬೋಲ್ಟ್ ಹಾಕಿದ ಜಾಗದಲ್ಲೇ ಪೈಪು ಬಾಗಿರುತ್ತದೆ. ಹಗ್ಗ ಹರಿಯಲಿಲ್ಲ ಅಂದರೆ ಆ ಎಳೆತವನ್ನು ಬೇರೆ ಯಾವುದೋ ಭಾಗ ಹೊತ್ತಿದೆ ಅಂತ ಅರ್ಥ.

ಆದ್ದರಿಂದ ಭಾರ ಹೋದ ದಾರಿಯಲ್ಲೇ ನಡೆಯಿರಿ. ರೆಕ್ಕೆಯ ರಿಂಗ್ ಸ್ಟ್ರಟ್‌ನ ಮೇಲ್ತುದಿಯ ಹತ್ತಿರ ಇದೆ. ಅಲ್ಲಿಂದ ಸ್ಟ್ರಟ್ ಫಿಟಿಂಗ್, ಮುಂದಿನ ಸ್ಪಾರ್ (ರೆಕ್ಕೆಯೊಳಗಿನ ಉದ್ದ ತೊಲೆ), ಸುತ್ತಲಿನ ಶೀಟ್ ನೋಡಿ. ಬಾಲದಲ್ಲಿ ರಿಂಗ್, ಅದರ ಹಿಂದಿನ ಬಲ್ಕ್‌ಹೆಡ್ (ಒಳಗಿನ ಅಡ್ಡ ಚೌಕಟ್ಟು), ಟೇಲ್‌ಕೋನ್ (ಬಾಲದ ಕಡೆಯ ಒಡಲು) ಶೀಟ್ ನೋಡಿ. ಟಾರ್ಚನ್ನು ಶೀಟ್‌ಗೆ ಒರಗಿಸಿ ಅಡ್ಡ ಬೆಳಕು ಬಿಟ್ಟರೆ ಸಣ್ಣ ಸುಕ್ಕೂ ನೆರಳು ಬಿಡುತ್ತದೆ. ರಿವೆಟ್ ಸುತ್ತ ಕಪ್ಪು ಗೆರೆ ಹರಿದಿದ್ದರೆ ಅದು ಸಡಿಲಗೊಂಡು ಅಲುಗಾಡುತ್ತಿದೆ. ಕೊನೆಗೆ ಟೇಪ್ ಹಿಡಿದು ಬಾಲದಿಂದ ಎರಡೂ ರೆಕ್ಕೆ ತುದಿಗೆ ಅಳೆಯಿರಿ. ಎಡಬಲ ವ್ಯತ್ಯಾಸ ಮ್ಯಾನುಯಲ್ ಹೇಳಿದ ಮಿತಿ ಮೀರಿದರೆ ಒಳಗೆ ಏನೋ ಬಾಗಿದೆ.

ಕಂಟ್ರೋಲ್ ಲಾಕ್ ಹಾಕಿದ್ದರೂ

ಇದೂ ಅದೇ ಕಥೆ. ನನಗೆ ಇಷ್ಟದ ಭಾಗವೂ ಇದೇ. ಕಾಕ್‌ಪಿಟ್ ಒಳಗಿನ ಲಾಕ್ ಹಿಡಿಯುವುದು ಕಂಟ್ರೋಲ್ ವೀಲ್ ಅನ್ನು. ಗಾಳಿ ಹೊಡೆಯುವುದು ದೂರದ ಎಲಿವೇಟರ್‌ಗೆ, ಅಂದರೆ ಮೂಗನ್ನು ಮೇಲೆ ಕೆಳಗೆ ಮಾಡುವ ಬಾಲದ ಹಲಗೆಗೆ. ನಡುವೆ ಎಳೆತದ ದಿಕ್ಕು ತಿರುಗಿಸುವ ಬೆಲ್‌ಕ್ರಾಂಕ್, ಕೇಬಲ್, ಪುಲ್ಲಿ, ಪುಲ್ಲಿಯ ಬ್ರಾಕೆಟ್. ಹಿಂದಿನಿಂದ ಬಂದ ಗಾಳಿ ಎಲಿವೇಟರ್ ಅನ್ನು ಬಡಿದಾಗ ಈ ಸರಪಳಿಯೆಲ್ಲ ಬಿಗಿಯಾಗುತ್ತದೆ. ಲಾಕ್ ಗೆಲ್ಲಬಹುದು, ಬ್ರಾಕೆಟ್ ಸೋಲಬಹುದು. ಎರಡು ತುದಿ ನೋಡಿ ನಡುವೆ ಬಿಟ್ಟುಬಿಡುವುದೇ ಜಾಸ್ತಿ. ಹಾಗೆ ಮಾಡಬೇಡಿ, ಇನ್‌ಸ್ಪೆಕ್ಷನ್ ಪ್ಯಾನೆಲ್ ಬಿಚ್ಚಿ ಕನ್ನಡಿ ಹಿಡಿದು ನೋಡಿ. ಕೇಬಲ್ ಟೆನ್ಶನ್ ಅಳೆಯುವಾಗ ಆ ದಿನದ ಉಷ್ಣಾಂಶದ ತಿದ್ದುಪಡಿ ಮರೆಯಬೇಡಿ.

ಒಂದು ಸುಲಭ ಉಪಾಯ: ಒಬ್ಬರು ಎಡ ಎಲಿವೇಟರ್ ಅನ್ನು ಗಟ್ಟಿಯಾಗಿ ಹಿಡಿಯಲಿ, ಇನ್ನೊಬ್ಬರು ಬಲದ್ದನ್ನು ಮೆಲ್ಲಗೆ ಅಲುಗಿಸಲಿ. ಎರಡರ ನಡುವೆ ಆಟ ಇದ್ದರೆ ಅಥವಾ ಎರಡೂ ಒಂದೇ ಮಟ್ಟದಲ್ಲಿ ನಿಲ್ಲದಿದ್ದರೆ ಜೋಡಣೆ ತಿರುಚಿಕೊಂಡಿದೆ. ಬಾಲದಲ್ಲಿ ನೆಟ್ಟಗೆ ನಿಂತು ಮೂಗನ್ನು ಎಡಬಲ ತಿರುಗಿಸುವ ರಡ್ಡರ್ ಬಗ್ಗೆ ಎಚ್ಚರ: 172ರಲ್ಲಿ ಒಳಗಿನ ಲಾಕ್ ಅದನ್ನು ಹಿಡಿಯುವುದೇ ಇಲ್ಲ. ಹೊರಗಿನಿಂದ ಬೇರೆ ಲಾಕ್ ಹಾಕಬೇಕು. ಹಾಕಿರದಿದ್ದರೆ ರಡ್ಡರ್‌ನ ಸ್ಟಾಪ್, ಹಿಂಜ್ ಮೊದಲು ನೋಡಿ.

‘ಮೂಗು ಗಾಳಿಗೆ ಮುಖ ಮಾಡಿ ಕಟ್ಟಿದ್ದೆವು’ ಅನ್ನುವುದು ನಮ್ಮ ಕಡೆ ಪೂರ್ತಿ ಉತ್ತರ ಅಲ್ಲ. ಗುಡುಗು ಮಳೆಯ ಗಾಳಿ ನಿಮಿಷಗಳಲ್ಲಿ ದಿಕ್ಕು ಬದಲಿಸುತ್ತದೆ. ಅಮೆರಿಕದ ಹಿಂದಿನ ವಿಮಾನ ನಿಯಮ ಎಫ್.ಎ.ಆರ್. 23.415 ಟೈಡೌನ್‌ಗೆ (ನೆಲಕ್ಕೆ ಕಟ್ಟಿದ ವಿಮಾನಕ್ಕೆ) ಹೇಳುತ್ತಿದ್ದದ್ದು ಯಾವ ದಿಕ್ಕಿನಿಂದಾದರೂ 65 ನಾಟ್ ತನಕ. 172 ಅದಕ್ಕಿಂತ ಹಳೆಯ ನಿಯಮದಲ್ಲಿ ಸರ್ಟಿಫೈ ಆದ ವಿಮಾನ. ಆದರೂ ಆ ‘ಯಾವ ದಿಕ್ಕಿನಿಂದಾದರೂ’ ಅನ್ನುವುದನ್ನು ಅಡಿಗೆರೆ ಹಾಕಿ ಓದಿ.

ಆಲಿಕಲ್ಲು

ಲೋಹದ ಶೀಟ್ ಆದರೆ ಗುಳಿ ಕಾಣುತ್ತದೆ. ಏಲರಾನ್ (ರೆಕ್ಕೆ ತುದಿಯ ಕಡೆ ಅಲುಗುವ ಹಲಗೆ), ಎಲಿವೇಟರ್ ಮೇಲಿನ ಗುಳಿಯನ್ನು ಸುಮ್ನೆ ಪುಟ್ಟಿ ತುಂಬಿ ಬಣ್ಣ ಹೊಡೆದರೆ ಬ್ಯಾಲೆನ್ಸ್ ತಪ್ಪುತ್ತದೆ, ಹಾರುವಾಗ ಫ್ಲಟರ್ (ಹತೋಟಿ ಮೀರಿದ ನಡುಕ) ಬರಬಹುದು. ಹನ್ಸಾ-3 ತರಹದ ಕಾಂಪೋಸಿಟ್ (ಲೋಹದ ಬದಲು ನಾರು, ಅಂಟಿನ ಪದರಗಳ) ವಿಮಾನದಲ್ಲಿ ಮೇಲೆ ಏನೂ ಕಾಣದೆ ಒಳಪದರ ಬಿಟ್ಟುಕೊಂಡಿರಬಹುದು. ನಾಣ್ಯದಿಂದ ತಟ್ಟಿ ಕೇಳಿ, ಬಿಟ್ಟ ಕಡೆ ಸದ್ದು ಮಂದ.

ಉಳಿದದ್ದು

ವೇಗ, ಎತ್ತರ ಅಳೆಯಲು ಇರುವ ಪಿಟೋ, ಸ್ಟಾಟಿಕ್ ತೂತುಗಳಲ್ಲಿ ನೀರು, ಟ್ಯಾಂಕ್ ಸಂಪ್‌ನಲ್ಲಿ (ತಳದ ಗುಳಿಯಲ್ಲಿ) ನೀರು ನೋಡಿ. ಮೂಗು ನೆಲಕ್ಕೆ ಬಡಿದು ಬ್ಲೇಡ್ ಬಾಗಿದ್ದರೆ ಎಂಜಿನ್ ಆಫ್ ಇತ್ತು ಅನ್ನುವ ಸಮಾಧಾನ ನಡೆಯುವುದಿಲ್ಲ. ಎಂಜಿನ್ ತಯಾರಕ ಲೈಕಮಿಂಗ್‌ನ ಸರ್ವಿಸ್ ಬುಲೆಟಿನ್ 533ರ ಪ್ರಕಾರ, ಎಂಜಿನ್ ಓಡುತ್ತಿರಲಿ ಬಿಡಲಿ, ಬ್ಲೇಡ್‌ಗೆ ಅರದಿಂದ ಸ್ವಲ್ಪ ಉಜ್ಜುವುದಕ್ಕಿಂತ ಹೆಚ್ಚಿನ ರಿಪೇರಿ ಬೇಕಾದರೆ ಅದು ಪ್ರೊಪ್ ಸ್ಟ್ರೈಕ್ (ಪ್ರೊಪೆಲ್ಲರ್‌ಗೆ ಬಿದ್ದ ಪೆಟ್ಟು).

ಇ.ಎಲ್.ಟಿ., ಅಂದರೆ ಅಪಘಾತವಾದರೆ ತಾನೇ ಸಂಕೇತ ಕಳಿಸುವ ತುರ್ತು ಟ್ರಾನ್ಸ್‌ಮಿಟರ್, ಕೂಡ ನೋಡಿ. ಜಗ್ಗಿನ ಪೆಟ್ಟಿಗೆ ಅದು ತಾನೇ ಆನ್ ಆಗಿರಬಹುದು. 121.5 ಮೆಗಾಹರ್ಟ್ಸ್‌ನಲ್ಲಿ ರೇಡಿಯೋ ಇಟ್ಟು ಕೇಳಿದರೆ ಗೊತ್ತಾಗುತ್ತದೆ. 406 ಮೆಗಾಹರ್ಟ್ಸ್‌ನ ಸಂಕೇತ ಉಪಗ್ರಹದ ಮೂಲಕ ಬೆಂಗಳೂರಿನಲ್ಲಿ ಇಸ್ರೋದ ಇಸ್ಟ್ರಾಕ್‌ನಲ್ಲಿರುವ ಕೇಂದ್ರಕ್ಕೆ ತಲುಪುತ್ತದೆ. ಆನ್ ಆಗಿದ್ದರೆ ಆಫ್ ಮಾಡಿ ಸುಮ್ಮನಿರಬೇಡಿ, ತಕ್ಷಣ ಏರ್ ಟ್ರಾಫಿಕ್ ಕಂಟ್ರೋಲ್‌ಗೆ ತಿಳಿಸಿ. ಇಲ್ಲದಿದ್ದರೆ ಎಲ್ಲೂ ಬೀಳದ ವಿಮಾನವನ್ನು ಹುಡುಕಲು ಜನ ಹೊರಡಬೇಕಾಗುತ್ತದೆ.