ಗೇಮ್ ಅಪ್‌ಡೇಟ್ ಆದ ಮೇಲೆ ಆಡ್‌ಆನ್ ಓಡುತ್ತಿಲ್ಲ: ಡಿಲೀಟ್ ಮಾಡುವ ಮುನ್ನ ಏನೇನು ನೋಡಬೇಕು?

ಪ್ರಶ್ನೆ: ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡುತ್ತೇನೆ. ದೊಡ್ಡ ಅಪ್‌ಡೇಟ್ ಬಂದಾಗಲೆಲ್ಲ ಒಂದೆರಡು ಆಡ್‌ಆನ್ (ಗೇಮಿಗೆ ಹೊರಗಿನಿಂದ ಸೇರಿಸುವ ಸಣ್ಣ ಪ್ರೋಗ್ರಾಂ) ಕೈಕೊಡುತ್ತವೆ. ಎಲ್ಲವನ್ನೂ ಡಿಲೀಟ್ ಮಾಡಿ ಹೊಸದಾಗಿ ಹಾಕಿದರೆ ನನ್ನ ಸೆಟ್ಟಿಂಗ್‌ಗಳು ಹೋಗುತ್ತವೆ. ಕೆಲವು ಸಲ ಆಗಲೂ ಸರಿಹೋಗುವುದಿಲ್ಲ. ಸರಿಯಾದ ಕ್ರಮ ಯಾವುದು?

ಉತ್ತರ: ಎಲ್ಲವನ್ನೂ ಅಳಿಸುವುದು ಕೊನೆಯ ದಾರಿ. ಅದಕ್ಕೂ ಮೊದಲು ಆಡ್‌ಆನ್ ಎಲ್ಲಿ ನಿಂತಿದೆ ಎಂದು ನೋಡಿ. ಪಾತ್ರ ಆರಿಸುವ ಪರದೆಯಲ್ಲಿ ಆಡ್‌ಆನ್ ಪಟ್ಟಿ ತೆರೆಯಿರಿ. ಅದರ ಹೆಸರೇ ಅಲ್ಲಿಲ್ಲವೇ? ಇದ್ದರೂ ಹಳತಾಗಿದೆ ಎಂಬ ಸೂಚನೆ ಇದೆಯೇ? ಅಥವಾ ಸರಿಯಾಗಿಯೇ ಲೋಡ್ ಆಗಿ, ಗೇಮ್ ಒಳಗೆ ಹೋದ ಮೇಲೆ ಎರರ್ ಕೊಡುತ್ತದೆಯೇ? ಈ ಮೂರೂ ಬೇರೆ ಬೇರೆ ಕಾಯಿಲೆ. ಒಂದರ ಮದ್ದು ಇನ್ನೊಂದಕ್ಕೆ ಹತ್ತುವುದಿಲ್ಲ.

ಏನೇ ಮಾಡುವ ಮೊದಲು ಗೇಮ್ ಪೂರ್ತಿ ಮುಚ್ಚಿ, ಡಬ್ಲ್ಯೂಟಿಎಫ್ ಎಂಬ ಫೋಲ್ಡರನ್ನು ಬೇರೆಡೆಗೆ ಕಾಪಿ ಮಾಡಿಟ್ಟುಕೊಳ್ಳಿ. ಆಡ್‌ಆನ್‌ನ ಕೋಡ್ ಇರುವುದು ಇಂಟರ್‌ಫೇಸ್ ಫೋಲ್ಡರ್ ಒಳಗಿನ ಆಡ್‌ಆನ್ಸ್‌ನಲ್ಲಿ. ನಿಮ್ಮ ಸೆಟ್ಟಿಂಗ್ ಇರುವುದು ಡಬ್ಲ್ಯೂಟಿಎಫ್ ಒಳಗಿನ ಅಕೌಂಟ್, ಅದರೊಳಗೆ ನಿಮ್ಮ ಅಕೌಂಟ್ ಹೆಸರು, ಅದರೊಳಗಿನ ಸೇವ್ಡ್‌ವೇರಿಯಬಲ್ಸ್‌ನಲ್ಲಿ. ಒಂದೊಂದು ಪಾತ್ರಕ್ಕೆ ಪ್ರತ್ಯೇಕವಾದ ಸೆಟ್ಟಿಂಗ್‌ಗಳು ಸರ್ವರ್ ಹೆಸರು, ಪಾತ್ರದ ಹೆಸರಿನ ಫೋಲ್ಡರ್‌ಗಳ ಕೆಳಗೆ ಇರುತ್ತವೆ. ಕೋಡ್ ಅಳಿಸಿದರೆ ಸೆಟ್ಟಿಂಗ್ ಹೋಗುವುದಿಲ್ಲ, ಇದು ಬಹಳ ಜನರಿಗೆ ಗೊತ್ತಿಲ್ಲ. ಡಬ್ಲ್ಯೂಟಿಎಫ್ ಅಳಿಸಿದರೆ ಮಾತ್ರ ಹೋಗುತ್ತದೆ.

ಗೇಮ್ ಮುಚ್ಚಲೇಬೇಕು ಎನ್ನುವುದಕ್ಕೆ ಕಾರಣವಿದೆ. ಓಡುತ್ತಿರುವಾಗ ಸೆಟ್ಟಿಂಗ್‌ಗಳೆಲ್ಲ ಮೆಮೊರಿಯಲ್ಲಿರುತ್ತವೆ. ಲಾಗ್‌ಔಟ್ ಆದಾಗ ಅಥವಾ ಚಾಟ್‌ನಲ್ಲಿ ಸ್ಲ್ಯಾಶ್ ರೀಲೋಡ್ (/reload, ಆಡ್‌ಆನ್‌ಗಳನ್ನು ಮತ್ತೆ ಲೋಡ್ ಮಾಡುವ ಆಜ್ಞೆ) ಕೊಟ್ಟಾಗ ಮಾತ್ರ ಫೈಲಿಗೆ ಇಳಿಯುತ್ತವೆ. ನಡುವೆ ನೀವು ಫೈಲ್ ತಿದ್ದಿದರೆ ಲಾಗ್‌ಔಟ್ ಹೊತ್ತಿಗೆ ಗೇಮ್ ಅದರ ಮೇಲೆ ತನ್ನದನ್ನೇ ಬರೆದುಬಿಡುತ್ತದೆ. ಅರ್ಧ ಗಂಟೆ ಕೂತು ಸೆಟ್ಟಿಂಗ್ ಜೋಡಿಸಿದ ಮೇಲೆ ಗೇಮ್ ಕ್ರ್ಯಾಶ್ ಆದರೆ ಅಷ್ಟೂ ಹೋಗುವುದಕ್ಕೂ ಇದೇ ಕಾರಣ. ಜೋಡಿಸಿ ಮುಗಿದ ಕೂಡಲೇ ಒಮ್ಮೆ ರೀಲೋಡ್ ಕೊಡುವ ಅಭ್ಯಾಸ ಒಳ್ಳೆಯದು.

ಈಗ ಮೊದಲ ಕಾಯಿಲೆ: ಪಟ್ಟಿಯಲ್ಲಿ ಹೆಸರೇ ಇಲ್ಲ. ಇದು ಬಹುತೇಕ ಫೋಲ್ಡರ್ ತಪ್ಪು. ಪ್ರತಿ ಆಡ್‌ಆನ್‌ನಲ್ಲೂ ಡಾಟ್ ಟಿಒಸಿ ಎಂದು ಕೊನೆಯಾಗುವ ಒಂದು ಸಣ್ಣ ಫೈಲ್ ಇರುತ್ತದೆ. ಆ ಫೈಲಿನ ಹೆಸರೂ ಅದನ್ನು ಇಟ್ಟ ಫೋಲ್ಡರಿನ ಹೆಸರೂ ಒಂದೇ ಆಗಿರಬೇಕು. ಫೋಲ್ಡರ್ ನೇರವಾಗಿ ಆಡ್‌ಆನ್ಸ್ ಒಳಗೇ ಇರಬೇಕು. ಜಿಪ್ ಬಿಚ್ಚುವಾಗ ವಿಂಡೋಸ್ ಆಗಾಗ ಫೋಲ್ಡರ್ ಒಳಗೆ ಇನ್ನೊಂದು ಅದೇ ಹೆಸರಿನ ಫೋಲ್ಡರ್ ಮಾಡಿಡುತ್ತದೆ. ಗೇಮ್ ಮೊದಲ ಹಂತವನ್ನಷ್ಟೇ ನೋಡುತ್ತದೆ, ಅಲ್ಲಿ ಟಿಒಸಿ ಸಿಗದಿದ್ದರೆ ಸುಮ್ಮನೆ ಮುಂದೆ ಹೋಗುತ್ತದೆ. ಎರರ್ ಕೂಡ ಬರುವುದಿಲ್ಲ. ಒಳಗಿನ ಫೋಲ್ಡರನ್ನು ಒಂದು ಹಂತ ಹೊರಗೆಳೆದರೆ ಮುಗಿಯಿತು.

ಕೋಡ್ ಹಂಚುವ ತಾಣವಾದ ಗಿಟ್‌ಹಬ್‌ನಿಂದ ಹಸಿರು ಬಟನ್ ಒತ್ತಿ ಇಳಿಸಿದ ಜಿಪ್‌ನಲ್ಲಿ ಎರಡು ತೊಂದರೆ ಒಟ್ಟಿಗೆ ಬರುತ್ತವೆ. ಫೋಲ್ಡರಿನ ಹೆಸರಿಗೆ ಮೇನ್ ಅಥವಾ ಮಾಸ್ಟರ್ ಎಂಬ ಬಾಲ ಅಂಟಿಕೊಂಡಿರುತ್ತದೆ, ಹಾಗಾಗಿ ಟಿಒಸಿ ಹೆಸರಿಗೆ ಹೊಂದುವುದಿಲ್ಲ. ಬಾಲ ಕತ್ತರಿಸಿದ ಮೇಲೂ ಹಲವು ಆಡ್‌ಆನ್‌ಗಳು ಓಡುವುದಿಲ್ಲ, ಏಕೆಂದರೆ ಏಸ್3 ತರಹದ ಲೈಬ್ರರಿಗಳು (ಹಲವು ಆಡ್‌ಆನ್‌ಗಳು ಬಳಸಿಕೊಳ್ಳುವ ಸಿದ್ಧ ಕೋಡ್) ಆ ಜಿಪ್‌ನಲ್ಲಿ ಇರುವುದೇ ಇಲ್ಲ. ಅವನ್ನು ಬೇರೆ ಕಡೆಯಿಂದ ತಂದು ಸೇರಿಸುವುದು ಬಿಡುಗಡೆಯ ಹೊತ್ತಿನಲ್ಲಿ ಓಡುವ ಪ್ಯಾಕೇಜರ್ ಎಂಬ ಸಾಧನ. ಆದ್ದರಿಂದ ಅದೇ ಪುಟದ ರಿಲೀಸಸ್ ವಿಭಾಗದಿಂದಲೋ ಆಡ್‌ಆನ್‌ಗಳ ತಾಣ ಕರ್ಸ್‌ಫೋರ್ಜ್‌ನಿಂದಲೋ ಸಿದ್ಧ ಜಿಪ್ ತೆಗೆದುಕೊಳ್ಳಿ.

ಇನ್ನೊಂದು: ಗೇಮಿನ ಒಂದೊಂದು ಆವೃತ್ತಿಗೂ ತನ್ನದೇ ಫೋಲ್ಡರ್ ಇದೆ. ಮುಖ್ಯ ಗೇಮಿಗೆ ರೀಟೇಲ್, ಹಳೆಯ ಮೂಲ ಆಟಕ್ಕೆ ಕ್ಲಾಸಿಕ್ ಎರಾ, ಹೀಗೆ. ಹೆಸರಿನ ಎರಡೂ ಬದಿಗೆ ಅಂಡರ್‌ಸ್ಕೋರ್ ಇರುತ್ತದೆ. ರೀಟೇಲ್‌ಗೆ ಹಾಕಿದ್ದು ಕ್ಲಾಸಿಕ್‌ನಲ್ಲಿ ಕಾಣುವುದಿಲ್ಲ. ಎರಡನ್ನೂ ಆಡುವವರು ಇಲ್ಲಿ ಎಡವುವುದು ಹೆಚ್ಚು.

ಎರಡನೆಯದು: ಹೆಸರಿದೆ, ಆದರೆ ಹಳತಾಗಿದೆ ಎನ್ನುತ್ತದೆ. ಟಿಒಸಿ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಇಂಟರ್‌ಫೇಸ್ ಎಂಬ ಪದದ ಮುಂದೆ ಒಂದು ಸಂಖ್ಯೆ ಕಾಣುತ್ತದೆ. ಅದು ಗೇಮಿನ ಆವೃತ್ತಿಯೇ, ಚುಕ್ಕೆ ತೆಗೆದು ಬರೆದದ್ದು. ಮೊದಲ ಭಾಗ ಹಾಗೆಯೇ, ಮುಂದಿನ ಎರಡು ಭಾಗಕ್ಕೆ ಎರಡೆರಡು ಅಂಕಿ. 11.0.2 ಆದರೆ 110002, 11.1.5 ಆದರೆ 110105, ಕ್ಲಾಸಿಕ್ ಎರಾದ 1.15.7 ಆದರೆ 11507. ಒಂದೇ ಆಡ್‌ಆನ್ ಹಲವು ಆವೃತ್ತಿಗೆ ಓಡುವುದಾದರೆ ಕಾಮಾ ಹಾಕಿ ಸಂಖ್ಯೆಗಳನ್ನು ಸಾಲಾಗಿ ಬರೆಯಬಹುದು.

ಸಂಖ್ಯೆ ಬದಲಿಸಿದರೆ ಅಥವಾ ಹಳೆಯ ಆಡ್‌ಆನ್ ಲೋಡ್ ಮಾಡು ಎಂಬ ಟಿಕ್ ಇರುವ ಕಡೆ ಅದನ್ನು ಹಾಕಿದರೆ ಆ ಸೂಚನೆ ಮಾಯವಾಗುತ್ತದೆ. ಆದರೆ ಅದರಿಂದ ಕೋಡ್ ರಿಪೇರಿ ಆಗುವುದಿಲ್ಲ. ಸಣ್ಣ ಪ್ಯಾಚ್‌ಗಳಲ್ಲಿ ಒಳಗೆ ಏನೂ ಬದಲಾಗಿರದಿದ್ದರೆ ಇಷ್ಟೇ ಸಾಕಾಗುತ್ತದೆ. ಮೊದಲ ಸಂಖ್ಯೆಯೇ ಬದಲಾದ ಅಪ್‌ಡೇಟ್‌ನಲ್ಲಿ ಇದನ್ನು ನೆಚ್ಚಿಕೊಳ್ಳಬೇಡಿ.

ಮೂರನೆಯದೇ ನಿಜವಾದ ಕೆಲಸ: ಲೋಡ್ ಆಗುತ್ತದೆ, ಎರರ್ ಬರುತ್ತದೆ. ಗೇಮ್ ಸಾಮಾನ್ಯವಾಗಿ ಲುವಾ (ಆಡ್‌ಆನ್ ಬರೆಯುವ ಭಾಷೆ) ಎರರ್‌ಗಳನ್ನು ತೋರಿಸುವುದಿಲ್ಲ. ಚಾಟ್‌ನಲ್ಲಿ ಸ್ಲ್ಯಾಶ್ ಕನ್ಸೋಲ್ ಸ್ಕ್ರಿಪ್ಟ್‌ಎರರ್ಸ್ 1 (/console scriptErrors 1) ಎಂದು ಕೊಟ್ಟರೆ ತೋರಿಸುತ್ತದೆ. ಇನ್ನೂ ಅನುಕೂಲವೆಂದರೆ ಬಗ್‌ಗ್ರ್ಯಾಬರ್ ಮತ್ತು ಬಗ್‌ಸ್ಯಾಕ್ ಎಂಬ ಜೋಡಿ ಆಡ್‌ಆನ್. ಮೊದಲನೆಯದು ಹಿಡಿದಿಡುತ್ತದೆ, ಎರಡನೆಯದು ತೋರಿಸುತ್ತದೆ. ಎರಡನ್ನೂ ಹಾಕಬೇಕು.

ಎರರ್‌ನಲ್ಲಿ ಅತಿ ಹೆಚ್ಚು ಕಾಣುವ ಮಾತು ‘ಅಟೆಂಪ್ಟ್ ಟು ಕಾಲ್ ಎ ನಿಲ್ ವ್ಯಾಲ್ಯೂ’. ಇಲ್ಲದ ಫಂಕ್ಷನನ್ನು ಆಡ್‌ಆನ್ ಕರೆಯುತ್ತಿದೆ ಎಂದರ್ಥ. ಉದಾಹರಣೆಗೆ 2024ರ 11.0ರಲ್ಲಿ ಗೆಟ್‌ಸ್ಪೆಲ್‌ಇನ್ಫೋ ಎಂಬ ಹಳೆಯ ಫಂಕ್ಷನ್ ಸಿ-ಸ್ಪೆಲ್ ಎಂಬ ಗುಂಪಿನೊಳಗೆ ಹೋಯಿತು. ಹೆಸರಷ್ಟೇ ಬದಲಿಸಿದರೆ ಸಾಲದು, ಏಕೆಂದರೆ ಉತ್ತರ ಕೊಡುವ ರೀತಿಯೂ ಬದಲಾಗಿದೆ. ಹಳೆಯದು ಮಂತ್ರದ ಹೆಸರು, ಐಕಾನ್, ಕ್ಯಾಸ್ಟ್ ಸಮಯವನ್ನು ಒಂದರ ಹಿಂದೊಂದು ಬಿಡಿಬಿಡಿಯಾಗಿ ಕೊಡುತ್ತಿತ್ತು. ಹೊಸದು ಎಲ್ಲವನ್ನೂ ಒಂದೇ ಟೇಬಲ್‌ನಲ್ಲಿಟ್ಟು ಕೊಡುತ್ತದೆ. ಅಂಥ ಮಂತ್ರವೇ ಇಲ್ಲದಿದ್ದರೆ ನಿಲ್, ಅಂದರೆ ಏನೂ ಇಲ್ಲ ಎಂಬ ಉತ್ತರ, ಬರುತ್ತದೆ. ಹಾಗಾಗಿ ಮೊದಲು ಟೇಬಲ್ ಬಂದಿದೆಯೇ ಎಂದು ಪರೀಕ್ಷಿಸಿ, ಆಮೇಲೆ ಅದರೊಳಗಿನ ನೇಮ್ ತೆಗೆದುಕೊಳ್ಳಬೇಕು. ಈ ಪರೀಕ್ಷೆ ಬಿಟ್ಟವರ ಕೋಡ್ ಒಂದು ಎರರ್ ದಾಟಿ ಮುಂದಿನ ಸಾಲಿನಲ್ಲಿ ಇನ್ನೊಂದಕ್ಕೆ ಬೀಳುತ್ತದೆ. 2020ರ 9.0ರಲ್ಲಿ ಚೌಕಟ್ಟಿನ ಹಿನ್ನೆಲೆ ಹಾಕುವ ಸೆಟ್‌ಬ್ಯಾಕ್‌ಡ್ರಾಪ್ ಹೀಗೆಯೇ ತಪ್ಪಿಹೋಗಿತ್ತು. ಅಲ್ಲಿ ಫ್ರೇಮ್ ಸೃಷ್ಟಿಸುವಾಗ ಬ್ಯಾಕ್‌ಡ್ರಾಪ್‌ಟೆಂಪ್ಲೇಟ್ ಎಂಬುದನ್ನು ಸೇರಿಸಿದರೆ ಸಾಕು.

ಯಾವ ಆಡ್‌ಆನ್ ತಪ್ಪಿತಸ್ಥ ಎಂದೇ ತಿಳಿಯದಿದ್ದರೆ ಅರ್ಧ ಆಫ್ ಮಾಡಿ ರೀಲೋಡ್ ಕೊಡಿ. ತೊಂದರೆ ಉಳಿದರೆ ಆನ್ ಇರುವ ಅರ್ಧದಲ್ಲಿದೆ, ಹೋದರೆ ಆಫ್ ಮಾಡಿದ್ದರಲ್ಲಿದೆ. ಅದನ್ನು ಮತ್ತೆ ಅರ್ಧ ಮಾಡಿ. 32 ಆಡ್‌ಆನ್ ಇದ್ದರೂ ಐದು ಸುತ್ತಿಗೆ ಸಿಕ್ಕಿಬೀಳುತ್ತದೆ. ಒಂದೊಂದಾಗಿ ಆಫ್ ಮಾಡುತ್ತ ಕೂರಬೇಡಿ.

ಯುದ್ಧದ ನಡುವೆ ಮಾತ್ರ ‘ಈ ಆಡ್‌ಆನ್ ತಡೆಯಲ್ಪಟ್ಟಿದೆ’ ಎಂಬರ್ಥದ ಸೂಚನೆ ಬಂದರೆ ಅದು ಬೇರೆ ಜಾತಿ. ಮಂತ್ರ ಹಾಕುವುದು, ಗುರಿ ಆರಿಸುವುದು ಮುಂತಾದವನ್ನು ಆಡ್‌ಆನ್ ತಾನಾಗಿಯೇ ಮಾಡದಂತೆ ಗೇಮ್ ಬೇಲಿ ಹಾಕಿದೆ. ಯುದ್ಧ ನಡೆಯುವಾಗ ಅಂಥ ಬಟನ್‌ಗಳನ್ನು ಸರಿಸಲು, ಮರೆಮಾಡಲು ಕೂಡ ಬಿಡುವುದಿಲ್ಲ. ಆಡ್‌ಆನ್ ಮುಟ್ಟಿದ ಭಾಗಕ್ಕೆ ಟೇಂಟ್ (ನಂಬಲಾಗದ್ದು ಎಂಬ ಗುರುತು) ತಗಲುತ್ತದೆ, ಅದು ಗೇಮಿನ ಸ್ವಂತ ಬಟನ್‌ಗೂ ಹರಡಬಹುದು. ಕೋಡ್ ಬರೆಯುವವರು ಯುದ್ಧದ ಬೇಲಿ ಜಾರಿಯಲ್ಲಿದೆಯೇ ಎಂದು ತಿಳಿಸುವ ಇನ್‌ಕಾಂಬ್ಯಾಟ್‌ಲಾಕ್‌ಡೌನ್ ಫಂಕ್ಷನ್ ನೋಡಿಕೊಂಡು ಯುದ್ಧ ಮುಗಿದ ಮೇಲೆ ಆ ಕೆಲಸ ಮಾಡಿಸಬೇಕು. ಬಳಸುವವರಿಗೆ ತಾತ್ಕಾಲಿಕ ಉಪಾಯ ರೀಲೋಡ್ ಒಂದೇ.

ರಿಪೇರಿಗೆ ಸಿಗದ ಆಡ್‌ಆನ್‌ಗಳೂ ಇವೆ, ಇದನ್ನು ಹೇಳಲೇಬೇಕು. 12.0ರಿಂದ ಗೇಮ್ ತಯಾರಿಸುವ ಬ್ಲಿಝಾರ್ಡ್ ಯುದ್ಧದ ಹಲವು ಮಾಹಿತಿಗಳನ್ನು ಗುಪ್ತ ಮೌಲ್ಯಗಳನ್ನಾಗಿ ಮಾಡಿದೆ. ಆಡ್‌ಆನ್ ಅವನ್ನು ಪರದೆಯಲ್ಲಿ ತೋರಿಸಬಹುದು, ಆದರೆ ಹೋಲಿಸಿ ನೋಡಿ ನಿರ್ಧಾರ ತೆಗೆದುಕೊಳ್ಳುವಂತಿಲ್ಲ. ಯುದ್ಧದ ಸೂಚನೆಗಳನ್ನು ತೋರಿಸುವ ಆಡ್‌ಆನ್ ವೀಕ್‌ಆರಾಸ್‌ನ ತಂಡ ರೀಟೇಲ್‌ನ ಆ ಆವೃತ್ತಿಗೆ ತಮ್ಮ ಆಡ್‌ಆನ್ ತರುವುದಿಲ್ಲ ಎಂದು ಹೇಳಿದ್ದು ಇದಕ್ಕಾಗಿಯೇ. ಇಂಥ ಕಡೆ ಟಿಒಸಿ ಸಂಖ್ಯೆ ತಿದ್ದುತ್ತ ಕೂತರೆ ಸಮಯ ದಂಡ.

ಹೊಸ ಆವೃತ್ತಿ ಹಾಕುವಾಗ ಹಳೆಯ ಫೋಲ್ಡರ್ ಮೇಲೆಯೇ ಕಾಪಿ ಮಾಡದೆ, ಹಳೆಯದನ್ನು ಅಳಿಸಿ ಹೊಸದನ್ನು ಇಡಿ. ಇಲ್ಲದಿದ್ದರೆ ಬಿಟ್ಟುಹೋದ ಫೈಲ್‌ಗಳು ಅಲ್ಲೇ ಉಳಿದು ಗೊಂದಲ ಮಾಡುತ್ತವೆ. ದೊಡ್ಡ ಶತ್ರುಗಳ ದಾಳಿಯ ಎಚ್ಚರಿಕೆ ಕೊಡುವ ಡೆಡ್ಲಿ ಬಾಸ್ ಮಾಡ್ಸ್‌ನಂಥವು ಒಂದೇ ಫೋಲ್ಡರ್ ಅಲ್ಲ, ಡಿಬಿಎಂ ಎಂದು ಶುರುವಾಗುವ ಹಲವು ಫೋಲ್ಡರ್‌ಗಳು. ಒಂದನ್ನು ಹೊಸದು, ಇನ್ನೊಂದನ್ನು ಹಳೆಯದು ಇಟ್ಟರೆ ಕೆಟ್ಟೇ ಕೆಡುತ್ತದೆ.

ಆಡ್‌ಆನ್ ಎಂದರೆ ಲುವಾ, ಟಿಒಸಿ, ಎಕ್ಸ್‌ಎಂಎಲ್, ಚಿತ್ರ, ಧ್ವನಿ, ಫಾಂಟ್ ಫೈಲ್‌ಗಳಷ್ಟೇ. ಜಿಪ್ ಒಳಗೆ ಡಾಟ್ ಇಎಕ್ಸ್‌ಇ ಕಂಡರೆ ಮುಟ್ಟದೆ ಎಸೆಯಿರಿ. ದುಡ್ಡು ಕೇಳಿದರೂ ಅನುಮಾನಿಸಿ. ಆಡ್‌ಆನ್ ಉಚಿತವಾಗಿರಬೇಕು, ಕೋಡ್ ಎಲ್ಲರಿಗೂ ಕಾಣುವಂತಿರಬೇಕು ಎಂಬುದು 2009ರಿಂದ ಬ್ಲಿಝಾರ್ಡ್ ನಿಯಮ. ಅಪರಿಚಿತರು ಚಾಟ್‌ನಲ್ಲಿ ಕೊಟ್ಟ ಸ್ಲ್ಯಾಶ್ ರನ್ (ಕೋಡನ್ನು ನೇರವಾಗಿ ಓಡಿಸುವ ಆಜ್ಞೆ) ಸಾಲನ್ನು ಎಂದೂ ಅಂಟಿಸಬೇಡಿ. ನಿಮ್ಮ ಪಾತ್ರದ ಹತೋಟಿಯನ್ನು ಬೇರೆಯವರ ಕೈಗೆ ಕೊಡಲು ಅಂಥ ಒಂದೇ ಸಾಲು ಸಾಕು.

ಬರೆದವರು ಕೈಬಿಟ್ಟ ಆಡ್‌ಆನನ್ನು ನೀವೇ ಸರಿಪಡಿಸಿದ್ದರೆ ಹಂಚುವ ಮುನ್ನ ಲೈಸೆನ್ಸ್ ನೋಡಿ. ಎಂಐಟಿ ಅಥವಾ ಜಿಪಿಎಲ್‌ನಂಥ ಮುಕ್ತ ಲೈಸೆನ್ಸ್ ಇದ್ದರೆ ಅದರ ಷರತ್ತು ಪಾಲಿಸಿ ಹಂಚಬಹುದು. ಎಲ್ಲ ಹಕ್ಕು ಕಾಯ್ದಿರಿಸಿದೆ ಎಂದಿದ್ದರೆ ನಿಮ್ಮ ಬಳಕೆಗಷ್ಟೇ ಇಟ್ಟುಕೊಂಡು, ತಿದ್ದುಪಡಿಯನ್ನು ಮೂಲ ಲೇಖಕರಿಗೆ ಕಳಿಸಿ. ತಿದ್ದಲು ಬಾರದಿದ್ದರೆ ವರದಿಯಾದರೂ ಮಾಡಿ. ಬಗ್‌ಸ್ಯಾಕ್‌ನ ಪೂರ್ತಿ ಪಠ್ಯ, ಗೇಮಿನ ಆವೃತ್ತಿ, ಆಡ್‌ಆನ್‌ನ ಆವೃತ್ತಿ, ಅದೊಂದನ್ನೇ ಆನ್ ಇಟ್ಟಾಗಲೂ ಎರರ್ ಬರುತ್ತದೆಯೇ ಎಂಬ ಮಾತು, ಇಷ್ಟಿರಲಿ. ‘ಓಡುತ್ತಿಲ್ಲ’ ಎಂದಷ್ಟೇ ಬರೆದರೆ, ಬಿಡುವಿನ ವೇಳೆಯಲ್ಲಿ ಪುಕ್ಕಟೆಯಾಗಿ ಇದನ್ನು ನೋಡಿಕೊಳ್ಳುವವರು ಮತ್ತೆ ಇದನ್ನೇ ಕೇಳಬೇಕಾಗುತ್ತದೆ.