ಹೋಲ್ಡ್ ತಪ್ಪಿದರೆ ಕ್ಲಾಕ್ ನಿಧಾನ ಮಾಡಿ ಪ್ರಯೋಜನವಿಲ್ಲ

ಚಿಪ್ ಡಿಸೈನ್‌ನ ಸೆಟಪ್, ಹೋಲ್ಡ್ ಎರಡೂ ನನಗೆ ಬಾಯಿಪಾಠ ಇದ್ದವು. ಕ್ಲಾಕ್ ಅಂದರೆ ಚಿಪ್‌ಗೆ ತಾಳ ಹಾಕುವ ಸಿಗ್ನಲ್, ಅದು ಬದಲಾಗುವ ಕ್ಷಣ ಎಡ್ಜ್. ಕ್ಲಾಕ್ ಎಡ್ಜ್‌ಗೆ ಮುಂಚೆ ಡೇಟಾ ಎಷ್ಟು ಹೊತ್ತು ಅಲುಗಾಡದೆ ಇರಬೇಕೋ ಅದು ಸೆಟಪ್ ಟೈಮ್. ಎಡ್ಜ್ ಆದ ಮೇಲೆ ಎಷ್ಟು ಹೊತ್ತು ಇರಬೇಕೋ ಅದು ಹೋಲ್ಡ್ ಟೈಮ್. ಪರೀಕ್ಷೆಗೆ ಇಷ್ಟು ಸಾಕು. ಆದರೆ ಒಂದು ಇಂಟರ್‌ವ್ಯೂನಲ್ಲಿ "ಹೋಲ್ಡ್ ವಯೊಲೇಷನ್ ಇದೆ, ಕ್ಲಾಕ್ ನಿಧಾನ ಮಾಡಿದರೆ ಸರಿಹೋಗುತ್ತಾ?" ಅಂತ ಕೇಳಿದರು. ನಾನು ಧೈರ್ಯವಾಗಿ "ಹೌದು" ಅಂದುಬಿಟ್ಟೆ. ಅಲ್ಲಿಗೆ ಇಂಟರ್‌ವ್ಯೂ ಮುಗಿದ ಹಾಗೇ.

ಮನೆಗೆ ಮೋಲ್ಡ್ ಹಾಕುವ ದಿನ ನೋಡಿದ್ದೀರಲ್ವಾ? ಜನ ಸಾಲಾಗಿ ನಿಂತು ಕಾಂಕ್ರೀಟ್ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಮೇಸ್ತ್ರಿ "ಹಾ" ಅಂದಾಗಲೆಲ್ಲ ಎಲ್ಲರೂ ತಮ್ಮ ಬಾಂಡ್ಲಿ ಮುಂದಕ್ಕೆ ಕೊಡಬೇಕು ಅಂತ ಇಟ್ಟುಕೊಳ್ಳಿ. ಆ ಕೂಗು ಕ್ಲಾಕ್. ಒಬ್ಬೊಬ್ಬ ಆಳೂ ಒಂದು ಫ್ಲಿಪ್‌ಫ್ಲಾಪ್, ಅಂದರೆ ಎಡ್ಜ್ ಬಂದಾಗ ಒಂದು ಬಿಟ್ ಹಿಡಿದಿಟ್ಟುಕೊಳ್ಳುವ ಸರ್ಕ್ಯೂಟ್. ಬಾಂಡ್ಲಿ ಡೇಟಾ. ಮುಂದಿನ ಕೂಗಿನೊಳಗೆ ಬಾಂಡ್ಲಿ ನನ್ನ ಕೈ ಸೇರದಿದ್ದರೆ ಸೆಟಪ್ ತಪ್ಪಿತು. ಮೇಸ್ತ್ರಿ ನಿಧಾನಕ್ಕೆ ಕೂಗಿದರೆ ಸರಿಹೋಗುತ್ತದೆ.

ಇನ್ನೊಂದು ತೊಂದರೆ ನೋಡಿ. ನಾನು ದೂರ ನಿಂತಿದ್ದೇನೆ, ಕೂಗು ನನಗೆ ತಡವಾಗಿ ಕೇಳುತ್ತದೆ. ಇದೇ ಸ್ಕ್ಯೂ. ಹಿಂದಿನವನು ಕೇಳಿದ ತಕ್ಷಣ ಹೊಸ ಬಾಂಡ್ಲಿ ತಳ್ಳಿದ. ನನ್ನ ಕೈಯಲ್ಲಿ ಇನ್ನೂ ಹಳೆಯದೇ ಇದೆ. ಎರಡೂ ಡಿಕ್ಕಿ! ಇದು ಹೋಲ್ಡ್. ಮೇಸ್ತ್ರಿ ಗಂಟೆಗೊಂದು ಸಲ ಕೂಗಿದರೂ ಆ ಒಂದೇ ಕೂಗಿನಲ್ಲಿ ಡಿಕ್ಕಿ ಆಗಿಯೇ ಆಗುತ್ತದೆ.

ಈಗ ಲೆಕ್ಕ. ಅಂಕಿಗಳು ಉದಾಹರಣೆಗೆ ಮಾತ್ರ. ಕ್ಲಾಕ್ 100 ಮೆಗಾಹರ್ಟ್ಸ್, ಅಂದರೆ ಒಂದು ಎಡ್ಜ್‌ನಿಂದ ಮುಂದಿನದಕ್ಕೆ 10 ನ್ಯಾನೋಸೆಕೆಂಡ್. ಕ್ಲಾಕ್-ಟು-ಕ್ಯೂ, ಅಂದರೆ ಎಡ್ಜ್ ಆದ ಮೇಲೆ ಫ್ಲಾಪ್‌ನಿಂದ ಡೇಟಾ ಹೊರಬರಲು ಹಿಡಿಯುವ ಹೊತ್ತು, 0.30, ಸೆಟಪ್ 0.10, ಹೋಲ್ಡ್ 0.05. ನಡುವಿನ ಲಾಜಿಕ್ 9.80 ತಿಂದರೆ ಡೇಟಾ 10.10ಕ್ಕೆ ಬರುತ್ತದೆ. ಬರಬೇಕಿದ್ದದ್ದು 9.90ರೊಳಗೆ. ಸ್ಲ್ಯಾಕ್, ಅಂದರೆ ಕೈಯಲ್ಲಿ ಉಳಿದ ಹೊತ್ತು, ಮೈನಸ್ 0.20. ಕ್ಲಾಕನ್ನು 80 ಮೆಗಾಹರ್ಟ್ಸ್‌ಗೆ ಇಳಿಸಿದರೆ 12.5 ನ್ಯಾನೋಸೆಕೆಂಡ್ ಸಿಗುತ್ತದೆ, ಸ್ಲ್ಯಾಕ್ ಪ್ಲಸ್ 2.30.

ಈಗ ಶಿಫ್ಟ್ ರಿಜಿಸ್ಟರ್, ಅಂದರೆ ಒಂದರ ಹಿಂದೆ ಒಂದು ಜೋಡಿಸಿದ ಫ್ಲಾಪ್‌ಗಳ ಸಾಲು. ನಡುವೆ ಲಾಜಿಕ್ ಇಲ್ಲ, ಬರೀ ತಂತಿ, 0.02. ಡೇಟಾ 0.32ಕ್ಕೇ ಬಂತು. ಎರಡನೇ ಫ್ಲಾಪ್‌ಗೆ ಕ್ಲಾಕ್ 0.40 ತಡ. ಅದಕ್ಕೆ ಹೋಲ್ಡ್ 0.05 ಸೇರಿಸಿದರೆ 0.45 ತನಕ ಹಳೆಯ ಡೇಟಾ ಇರಬೇಕಿತ್ತು. ಸ್ಲ್ಯಾಕ್ ಮೈನಸ್ 0.13. ಈ ಲೆಕ್ಕದಲ್ಲಿ 10 ಎಲ್ಲಿದೆ ಹುಡುಕಿ. ಇಲ್ಲವೇ ಇಲ್ಲ. ಅದಕ್ಕೇ ಹೋಲ್ಡ್ ತಪ್ಪಿದ ಚಿಪ್ ಫ್ಯಾಬ್‌ನಿಂದ (ಚಿಪ್ ತಯಾರಿಸುವ ಕಾರ್ಖಾನೆಯಿಂದ) ಬಂದರೆ ಬೆಂಚ್ ಮೇಲೆ ಕ್ಲಾಕ್ ತಿರುಗಿಸಿ ಏನೂ ಆಗುವುದಿಲ್ಲ.

ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. 2020ರಲ್ಲಿ ಗೂಗಲ್ ಮತ್ತು ಚಿಪ್ ತಯಾರಿಸುವ ಸ್ಕೈವಾಟರ್ ಸೇರಿ 130 ನ್ಯಾನೋಮೀಟರ್ ಪಿಡಿಕೆಯನ್ನು, ಅಂದರೆ ಆ ಫ್ಯಾಬ್‌ಗೆ ಚಿಪ್ ಡಿಸೈನ್ ಮಾಡಲು ಬೇಕಾದ ಫೈಲುಗಳನ್ನು, ಎಲ್ಲರಿಗೂ ತೆರೆದಿಟ್ಟವು. ಚಿಪ್ ಲೇಔಟ್ ಮಾಡುವ ಓಪನ್‌ಲೇನ್, ಟೈಮಿಂಗ್ ಲೆಕ್ಕ ಹಾಕುವ ಓಪನ್‌ಎಸ್‌ಟಿಎ ಎರಡೂ ಉಚಿತ. ನಾನು ಇಲ್ಲೇ ಎಡವಿದ್ದು. ಕ್ಲಾಕ್ ಟ್ರೀ, ಅಂದರೆ ಎಲ್ಲ ಫ್ಲಾಪ್‌ಗಳಿಗೂ ಕ್ಲಾಕ್ ಮುಟ್ಟಿಸುವ ಜಾಲ, ಕಟ್ಟುವ ಮುಂಚೆಯೇ ಹೋಲ್ಡ್ ರಿಪೋರ್ಟ್ ನೋಡಿ, ಒಂದೂ ವಯೊಲೇಷನ್ ಇಲ್ಲ ಅಂತ ಖುಷಿಪಟ್ಟಿದ್ದೆ. ಆಗ ಕ್ಲಾಕ್ ಐಡಿಯಲ್, ಸ್ಕ್ಯೂ ಸೊನ್ನೆ. ಮೇಸ್ತ್ರಿ ಕೂಗು ಎಲ್ಲರ ಕಿವಿಗೂ ಒಟ್ಟಿಗೇ ಬಿದ್ದ ಹಾಗೆ. ಸಿಟಿಎಸ್ (ಕ್ಲಾಕ್ ಟ್ರೀ ಕಟ್ಟುವ ಹಂತ) ಮುಗಿದ ಮೇಲೆ ರಿಪೋರ್ಟ್ ತುಂಬ ಮೈನಸ್.

ಕಾರ್ನರ್ ಕೂಡ ಮರೀಬೇಡಿ. ಚಿಪ್‌ನ ವೇಗ, ತಾಪ, ವೋಲ್ಟೇಜ್ ಮೂರೂ ಸೇರಿದ ಒಂದೊಂದು ಸನ್ನಿವೇಶ ಒಂದೊಂದು ಕಾರ್ನರ್. ಸ್ಕೈವಾಟರ್ ಲೈಬ್ರರಿಯಲ್ಲಿ ಸಾಧಾರಣ ವೇಗದ ಟಿಟಿ ಅಂದರೆ 25 ಡಿಗ್ರಿ, 1.80 ವೋಲ್ಟ್. ಅದೊಂದನ್ನೇ ಓಡಿಸಿ ಸುಮ್ನೆ ಕೂತರೆ ಆಗಲ್ಲ. ಸೆಟಪ್ ಜಾಸ್ತಿ ತಪ್ಪುವುದು ನಿಧಾನದ ಎಸ್‌ಎಸ್‌ನಲ್ಲಿ, ಅಂದರೆ 100 ಡಿಗ್ರಿ, 1.60 ವೋಲ್ಟ್. ಹೋಲ್ಡ್ ಸಾಮಾನ್ಯವಾಗಿ ಸಿಕ್ಕಿಬೀಳುವುದು ವೇಗದ ಎಫ್‌ಎಫ್‌ನಲ್ಲಿ, ಮೈನಸ್ 40 ಡಿಗ್ರಿ, 1.95 ವೋಲ್ಟ್.

ಪರಿಹಾರ ಸುಲಭ: ದಾರಿಯಲ್ಲಿ ಬಫರ್ (ಸಿಗ್ನಲನ್ನು ಹಾಗೇ ಮುಂದಕ್ಕೆ ದಾಟಿಸುವ ಗೇಟ್) ಹಾಕಿ ಡೇಟಾವನ್ನು ತಡ ಮಾಡಿಸುವುದು. ಮೇಲಿನ ಉದಾಹರಣೆಯಲ್ಲಿ 0.20 ಸೇರಿಸಿದರೆ ಸ್ಲ್ಯಾಕ್ ಪ್ಲಸ್ 0.07. ಆದರೆ ಎಫ್‌ಎಫ್‌ನಲ್ಲಿ 0.20 ತಿನ್ನುವ ಬಫರ್ ಎಸ್‌ಎಸ್‌ನಲ್ಲಿ ಇನ್ನೂ ಜಾಸ್ತಿ ತಿನ್ನುತ್ತದೆ. ಅದೇ ಫ್ಲಾಪ್‌ಗೆ ಉದ್ದದ ಲಾಜಿಕ್ ದಾರಿಯೂ ಬಂದು ಸೇರುತ್ತಿದ್ದರೆ ಬಫರನ್ನು ಆ ದಾರಿ ಸೇರುವ ಮುಂಚೆ, ಗಿಡ್ಡ ದಾರಿಯಲ್ಲೇ ಇಡಿ. ನಾನು ಫ್ಲಾಪ್‌ನ ಡಿ ಪಿನ್ (ಡೇಟಾ ಒಳಬರುವ ಜಾಗ) ಮುಂದೆ, ಎರಡೂ ದಾರಿ ಸೇರಿದ ಮೇಲೆ ಇಟ್ಟು ಹೋಲ್ಡ್ ಸರಿಮಾಡಿದೆ, ಸೆಟಪ್ ಕಳೆದುಕೊಂಡೆ.